ಕಿವಿಯಲ್ಲಿ ಅರಳೆ, ಸಂದಿನಲ್ಲಿ ಹಾವು

ನನ್ನ ಕೈಚೀಲವನ್ನು ಯಾರಾದರೂ ಮೇಜಿನ ಮೇಲೆ ಸುರುವಿಬಿಟ್ಟರೆ ನನ್ನ ಮಾನ ಹೋದಂತೆಯೇ. ಬೀಗದ ಕೈ, ಬಿ.ಪಿ. ಗುಳಿಗೆ, ಎರಡು ಹಲ್ಲು ಮುರಿದ ಬಾಚಣಿಗೆ, ವಿಭೂತಿಯ ತುಂಡು, ಇವೆಲ್ಲ ಯಾರ ಚೀಲದಲ್ಲೂ ಇರುತ್ತವೆ ಬಿಡಿ. ಮಾನ ಹೋಗುವುದು ಒಂದು ಹಳೆಯ ಕುಂಕುಮದ ಡಬ್ಬಿಯಿಂದ. ಅದರೊಳಗೆ ಕುಂಕುಮವಿಲ್ಲ. ಕಡಲೆಕಾಳಿನ ಗಾತ್ರದ ಅರಳೆಯ ಉಂಡೆಗಳಿವೆ, ಯಾವಾಗ ಎಣಿಸಿದರೂ ಸರಿಸಂಖ್ಯೆಯಲ್ಲಿ. ಮದುವೆ ಮನೆಯಲ್ಲೋ ನೆಂಟರ ಮನೆಯಲ್ಲೋ ನೆಲದ ಮೇಲೆ ಮಲಗುವ ಪ್ರಸಂಗ ಬಂದರೆ ನಾನು ಮೊದಲು ಈ ಡಬ್ಬಿ ತೆರೆಯುತ್ತೇನೆ, ಎರಡು ಉಂಡೆ ತೆಗೆದು ಎರಡೂ ಕಿವಿಗೆ ತುರುಕಿಕೊಳ್ಳುತ್ತೇನೆ. ಹಾಸಿಗೆ, ದಿಂಬು, ಹೊದಿಕೆಯ ವಿಚಾರವೆಲ್ಲ ಆಮೇಲೆ.

"ನೆಗಡಿ ಆಗ್ಯಾದೇನ್ರಿ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಐವತ್ತು ವರ್ಷದಿಂದ ನನಗೆ ನೆಗಡಿ.

ನಿಮ್ಮ ಹತ್ತಿರ ಮುಚ್ಚಿಡುವುದೇನು? ನನಗೆ ಹುಳಹಾವಿನ ಭಯ. ನಾಗರಹಾವಿಗೆ ಅಂಜುವವರನ್ನು ಜನ ಮರ್ಯಾದೆಯಿಂದ ನೋಡುತ್ತಾರೆ, ಅದು ಅಂಜಲು ತಕ್ಕ ಪ್ರಾಣಿ. ನಾನು ಅಂಜುವುದು ಗೇಣುದ್ದವೂ ಇಲ್ಲದ, ಬೂಟಿನ ಲೇಸಿನಷ್ಟು ದಪ್ಪದ, ಮನುಷ್ಯರನ್ನು ಕಚ್ಚಬೇಕೆಂದರೂ ಬಾಯಿ ಸಾಲದ ಒಂದು ಬಡಪಾಯಿ ಹಾವಿಗೆ. ಅದಕ್ಕಿಂತ ನಾಚಿಕೆಗೇಡಿನ ಸಂಗತಿಯೆಂದರೆ ನಾನು ಚಿತ್ತಾಪುರದ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ನಗಬೇಡಿ. ನಿವೃತ್ತಿಗೆ ಎರಡೇ ವರ್ಷ ಉಳಿದಿದೆ, ಇಷ್ಟು ದಿನ ಕಾಪಾಡಿಕೊಂಡ ಗುಟ್ಟು.

ಒಮ್ಮೆ ಈ ಗುಟ್ಟು ತರಗತಿಯಲ್ಲೇ ಒಡೆದುಹೋಗುವುದರಲ್ಲಿತ್ತು. ಗುಂಡಗುರ್ತಿಯಿಂದ ಬರುವ ರೇಣುಕಾ ಎಂಬ ಹುಡುಗಿ ಉಪ್ಪಿನಕಾಯಿಯ ಖಾಲಿ ಬಾಟಲಿಯನ್ನು ದುಪ್ಪಟ್ಟಾದಲ್ಲಿ ಮುಚ್ಚಿಕೊಂಡು ತಂದಳು. "ಟೀಚರ್, ನಮ್ಮ ಬಚ್ಚಲದಾಗ ಸಿಕ್ಕಾದ್ರಿ. ನಮ್ಮವ್ವ ಎರಿಹುಳ ಅಂತಾಳ, ನಮ್ಮ ಕಾಕಾ ಹಾವು ಅಂತಾನ. ನೀವೇ ಹೇಳ್ರಿ," ಎಂದು ನನ್ನ ಮೇಜಿನ ಕಡೆಗೆ ನಡೆದುಬಂದಳು. ನಾನು ಕುರ್ಚಿಯ ಹಿಂದಕ್ಕೆ ಸರಿದೆ. "ಅಲ್ಲೇ ಬೆಂಚಿನ ಮೇಲಿಡವ್ವಾ, ಎಲ್ಲರಿಗೂ ಕಾಣಲಿ," ಎಂದೆ. ಎಂಥ ಉದಾರ ಮನಸ್ಸಿನ ಟೀಚರ್ ನೋಡಿ!

ದೂರದಿಂದಲೇ ಅಡಿಪಟ್ಟಿ ಚಾಚಿ ಪಾಠ ಮಾಡಿದೆ. ಎರೆಹುಳಕ್ಕೆ ಮೈತುಂಬ ಉಂಗುರ, ಮೈ ಅಂಟಂಟು. ಇದಕ್ಕೆ ನುಣ್ಣನೆಯ ಹುರುಪೆಗಳು, ಎಣ್ಣೆ ಸವರಿದ ಹೊಳಪು. ನೋಡುತ್ತಿರಿ, ದಾರದ ಎಳೆಯಂಥ ನಾಲಗೆ ಹೊರಗೆ ಬಂದು ಹೋಗುತ್ತದೆ, ಎರೆಹುಳಕ್ಕೆ ಅದೆಲ್ಲಿ? ಕಣ್ಣೆಂದರೆ ಹುರುಪೆಯ ಕೆಳಗೆ ಎರಡು ಕಪ್ಪು ಚುಕ್ಕಿ. ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ಅದಕ್ಕೆ ತಿಳಿಯುತ್ತದೆ, ಅದಕ್ಕೇ ಕುರುಡುಹಾವು ಎಂದೂ ಕರೆಯುತ್ತಾರೆ. ತಲೆಯೂ ಬಾಲವೂ ಒಂದೇ ತೆರ. ಬಾಲದ ತುದಿಗೆ ಒಂದು ಸಣ್ಣ ಮುಳ್ಳಿದೆ, ಅದನ್ನು ಮಣ್ಣಿಗೆ ಊರಿ ಮುಂದಕ್ಕೆ ತಳ್ಳಿಕೊಳ್ಳುತ್ತದೆ. ಕೈಯಲ್ಲಿ ಹಿಡಿದರೆ ಆ ಮುಳ್ಳು ಚುಚ್ಚುತ್ತದೆ, ಜನ ಅದನ್ನೇ ವಿಷದ ಕೊಂಡಿ ಎನ್ನುತ್ತಾರೆ. ವಿಷವೂ ಇಲ್ಲ, ಎಂಥದೂ ಇಲ್ಲ. ಇರುವೆ, ಗೆದ್ದಲುಗಳ ಮೊಟ್ಟೆ ಮರಿ ತಿಂದುಕೊಂಡು ಮಣ್ಣೊಳಗೇ ಜನ್ಮ ಕಳೆಯುತ್ತದೆ.

"ಇದು ಗಂಡೇನ್ರಿ, ಹೆಣ್ಣೇನ್ರಿ?" ಎಂದಳು ರೇಣುಕಾ.

"ಹೆಣ್ಣು. ಈ ಜಾತಿಯೊಳಗೆ ಗಂಡೇ ಇಲ್ಲ. ಎಲ್ಲವೂ ಹೆಣ್ಣು. ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುತ್ತವೆ. ಹೂವಿನ ಕುಂಡದ ಮಣ್ಣಿನಲ್ಲಿ ಒಂದೇ ಒಂದು ಹಾವು ಹಡಗು ಹತ್ತಿ ಬೇರೆ ದೇಶಕ್ಕೆ ಹೋದರೂ ಸಾಕು, ಅಲ್ಲೊಂದು ಸಂಸಾರ ಎದ್ದುಬಿಡುತ್ತದೆ."

ಹುಡುಗಿಯರು ಚಪ್ಪಾಳೆ ತಟ್ಟಿದರು. ಹುಡುಗರು ಸಪ್ಪಗಾದರು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಟೀಚರ್, ಇದು ಕಿವ್ಯಾಗ ಹೋಗಿ ಮೆದುಳ ತಿಂತದಂತ, ಖರೇನ್ರಿ?" ಎಂದು ಕೇಳಿದಳು.

"ಮೂಢನಂಬಿಕೆ," ಎಂದು ಅಡಿಪಟ್ಟಿಯಿಂದ ಮೇಜು ಕುಟ್ಟಿದೆ. "ಕಿವಿಯ ತೂತು ಊರಿಂದೂರಿಗೆ ಹೋಗುವ ರಸ್ತೆಯಲ್ಲ. ಒಂದಂಗುಲ ಹೋದರೆ ತಮಟೆ, ಅಲ್ಲಿಗೆ ದಾರಿ ಬಂದ್." ಬಹಳ ಚೆನ್ನಾಗಿ ಹೇಳಿದೆ ಅನಿಸಿತು. ಹಾವನ್ನು ಬೇಲಿಯ ಬುಡದಲ್ಲಿ ಬಿಟ್ಟುಬರಲು ಹುಡುಗಿಯನ್ನು ಕಳಿಸಿ, ಗಂಟೆ ಬಾರಿಸಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ, ಕುರ್ಚಿಯ ಮೇಲೆ ಕೂತು, ಕುಂಕುಮದ ಡಬ್ಬಿ ತೆರೆದು, ಹಗಲು ಹನ್ನೆರಡಕ್ಕೆ ಎರಡೂ ಕಿವಿಗೆ ಅರಳೆ ಇಟ್ಟುಕೊಂಡೆ.

ತಿಳಿವಳಿಕೆಯಿಂದ ಭಯ ಹೋಗುತ್ತದೆ ಎಂದು ಮಕ್ಕಳಿಗೆ ವರ್ಷಾ ವರ್ಷಾ ಹೇಳುತ್ತೇನೆ. ನನ್ನ ಮಟ್ಟಿಗೆ ಎರಡೂ ಒಂದೇ ಮನೆಯಲ್ಲಿ ಮಾತು ಬಿಟ್ಟ ವಾರಗಿತ್ತಿಯರಂತೆ ಬದುಕಿಕೊಂಡಿವೆ.

ಈ ಭಯ ಹುಟ್ಟಿದ್ದು ಶಹಾಬಾದಿನ ನಮ್ಮ ಮನೆಯ ನೆಲದಲ್ಲಿ. ಅಪ್ಪ ಕಲ್ಲಿನ ಪಾಲಿಶ್ ಯಾರ್ಡಿನಲ್ಲಿ ಪರಸಿಗಳನ್ನು ಅಳೆದು ಜೋಡಿಸಿಡುವ ಕೆಲಸದಲ್ಲಿದ್ದ. ನೆಲಕ್ಕೆ ಹಾಸುವ ಆ ಚಪ್ಪಡಿಗಳಿಗೆ ನಮ್ಮ ಕಡೆ ಪರಸಿ ಎನ್ನುತ್ತೇವೆ. ನಮ್ಮ ಮನೆಯ ನೆಲ ಪರಸಿ, ಗೋಡೆಯ ಮಾಡ ಪರಸಿ, ಮಾಳಿಗೆಗೆ ಹೊದಿಸಿದ್ದು ಪರಸಿ, ಅಪ್ಪ ಊಟಕ್ಕೆ ಕೂರುವ ಮಣೆಯೂ ಪರಸಿ. ಆದರೆ ಎಲ್ಲವೂ ಯಾರ್ಡಿನಲ್ಲಿ ಮೂಲೆ ಮುರಿದು ಬಿದ್ದ ಕಲ್ಲುಗಳು. ಅವನ್ನು ಅಪ್ಪ ಗಚ್ಚು ಹಾಕದೆ ಹಾಗೇ ಮರಂ ಮಣ್ಣಿನ ಮೇಲೆ ಕೂರಿಸಿದ್ದ. "ಛಲೋ ಕಲ್ಲು ಬಂದ ಮ್ಯಾಲ ಇವನ್ನ ತಗದು ಹಾಕೋಣು," ಎನ್ನುತ್ತಿದ್ದ. ಛಲೋ ಕಲ್ಲುಗಳೆಲ್ಲ ಲಾರಿ ಹತ್ತಿ ಊರೂರಿಗೆ ಹೋದವು, ನಮ್ಮ ಮನೆಗೆ ಮಾತ್ರ ಬರಲಿಲ್ಲ. ಹೀಗಾಗಿ ಎರಡು ಕಲ್ಲಿನ ನಡುವೆ ಕಿರುಬೆರಳು ಹೋಗುವಷ್ಟು ಸಂದು. ಆ ಸಂದುಗಳಲ್ಲಿ ನಮ್ಮ ಹುಣಸೆಬೀಜ, ಸೇಫ್ಟಿ ಪಿನ್ನು, ಬಳಪ ಎಲ್ಲ ಇಳಿದುಹೋಗುತ್ತಿದ್ದವು. ಮೇಲೆ ಬರುತ್ತಿದ್ದದ್ದು ಹುಳಹಾವು.

ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ಊಟವಾದ ಮೇಲೆ ಅವ್ವ ಎರಡು ಕೊಡ ನೀರು ನೆಲಕ್ಕೆ ಸುರುವಿ, ಕಸಬರಿಗೆಯಿಂದ ಬಚ್ಚಲ ಕಡೆಗೆ ತಳ್ಳುತ್ತಿದ್ದಳು. ಕಲ್ಲು ತಣ್ಣಗಾಗುತ್ತಿತ್ತು. ಬರಿ ನೆಲದ ಮೇಲೆ ಕೆನ್ನೆ ಇಟ್ಟು ಮಲಗಿದರೆ ಅದರ ಸುಖವೇ ಬೇರೆ. ಆದರೆ ಅರ್ಧ ನೀರು ಸಂದುಗಳಲ್ಲಿ ಇಳಿದು ಕೆಳಗಿನ ಮಣ್ಣು ಒದ್ದೆಯಾಗುತ್ತಿತ್ತು, ಮಳೆ ಬಂತೆಂದು ತಿಳಿದು ಹುಳಹಾವು ಮೇಲೆದ್ದು ಬರುತ್ತಿತ್ತು. ಕರೆದವರು ನಾವೇ, ಬಂದಾಗ ಚೀರುವವರೂ ನಾವೇ. ಇದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ.

ಅಜ್ಜಿಯ ಶಾಸ್ತ್ರವೇ ಬೇರೆ ಇತ್ತು. "ಅದಕ್ಕ ಕಣ್ಣಿಲ್ಲ. ಕತ್ತಲಿ ತೂತ ಹುಡುಕ್ಕೊಂಡ ಹೋಗ್ತದ. ಕಲ್ಲಿನ ಸಂದಿ ಯಾವ್ದು, ಮನಷ್ಯಾರ ಕಿವಿ ಯಾವ್ದು, ಅದಕ್ಕೇನ ಗೊತ್ತಾಗ್ತದ?" ಎನ್ನುತ್ತಿದ್ದಳು. ಅದಕ್ಕಾಗಿ ನಮ್ಮ ಮನೆಯಲ್ಲೊಂದು ಪದ್ಧತಿ. ಮಧ್ಯಾಹ್ನ ಮಲಗುವ ಮುಂಚೆ ಮನೆಯ ಚಿಕ್ಕವಳಾದ ನಾನು, ಅಜ್ಜಿ ದೀಪದ ಬತ್ತಿಗೆಂದು ಹಿಂಜಿಟ್ಟ ಅರಳೆಯಲ್ಲಿ ಉಂಡೆ ಮಾಡಿ, ತಾಟಿನಲ್ಲಿಟ್ಟುಕೊಂಡು, ಮದುವೆ ಮನೆಯಲ್ಲಿ ಎಲೆಯಡಿಕೆ ಹಂಚುವ ಗತ್ತಿನಲ್ಲಿ ಎಲ್ಲರಿಗೂ ಎರಡೆರಡು ಹಂಚಬೇಕು. ಅಪ್ಪ ಮಾತ್ರ ಬೇಡವೆನ್ನುತ್ತಿದ್ದ. "ಮಷೀನಿನ ಸಪ್ಪಳಕ್ಕ ನನ್ನ ಕಿವಿ ಎಂದೋ ಹೋಗ್ಯಾವ. ಹಾವು ಬಂದು ಏನ್ ಮಾಡ್ತದ?" ಎಂದು ನಗುತ್ತಿದ್ದ.

ಈಗ ಆ ಮಧ್ಯಾಹ್ನಕ್ಕೆ ಬರಲೇಬೇಕು. ಇಷ್ಟು ಹೊತ್ತು ಸುತ್ತು ಹೊಡೆದದ್ದು ಅದನ್ನು ತಪ್ಪಿಸಲಿಕ್ಕೇ ಎಂದು ನಿಮಗೂ ತಿಳಿದಿರಬೇಕು.

ನನಗೆ ಎಂಟು ವರ್ಷ, ನೀಲಕ್ಕನಿಗೆ ಹದಿಮೂರು. ಅಂದು ಅರಳೆ ಕಡಿಮೆ ಇತ್ತು. ಕೊನೆಯ ಒಂದು ಉಂಡೆಯನ್ನು ನಾನು ನನ್ನ ಗೊಂಬೆಗೆ ತಲೆದಿಂಬು ಮಾಡಿದೆ. ಅಕ್ಕನಿಗೆ ಒಂದನ್ನೇ ಕೊಟ್ಟೆ. "ಇನ್ನೊಂದೆಲ್ಲಿ?" ಎಂದಳು. "ಖಾಲಿ ಆಗ್ಯಾದ," ಎಂದೆ. ಅವಳು ಜಗಳ ಮಾಡುವ ಜಾತಿಯವಳಲ್ಲ. ಇದ್ದ ಒಂದನ್ನು ಎಡಗಿವಿಗೆ ಇಟ್ಟುಕೊಂಡು ಅಂಗಾತ ಮಲಗಿ ನಿದ್ದೆ ಹೋದಳು.

ನನಗೆ ನಿದ್ದೆ ಬಂದಿರಲಿಲ್ಲ. ಒದ್ದೆ ಸಂದಿನಿಂದ ಕಪ್ಪಗೆ ಏನೋ ಹೊಳೆಯುತ್ತ ಮೇಲೆ ಬಂತು. ಕಲ್ಲಿನ ಮೇಲೆ ಸದ್ದಿಲ್ಲದೆ ಹರಿಯಿತು. ಅಕ್ಕನ ತಲೆಯ ಬಲಗಡೆಗೆ, ಅವಳ ಬಿಚ್ಚಿದ ಕೂದಲಿನ ಕಡೆಗೆ ಹೊರಟಿತು. ನಾನು ಕೈ ಚಾಚಿ ಅಕ್ಕನನ್ನು ಅಲುಗಿಸಿದ್ದರೆ ಸಾಕಿತ್ತು, ಅವಳು ಒಂದು ಮೊಳ ದೂರದಲ್ಲಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ಬಸವಾ ಬಸವಾ ಎಂದು ಎಷ್ಟು ಸಲ ಅಂದೆನೋ ನೆನಪಿಲ್ಲ. ಕಣ್ಣು ತೆರೆದಾಗ ಹಾವಿರಲಿಲ್ಲ. ಒದ್ದೆ ಕಲ್ಲು, ಅಕ್ಕನ ಕೂದಲು, ಅಷ್ಟೇ.

"ಹಾವು! ಅಕ್ಕನ ಕಿವ್ಯಾಗ ಹೋಯ್ತು!" ಎಂದು ಚೀರಿದೆ.

ಎಲ್ಲರೂ ಎದ್ದರು. ಅಜ್ಜಿ ನನ್ನ ಎರಡೂ ಭುಜ ಹಿಡಿದು, "ನೀ ಕಣ್ಣಲೆ ನೋಡ್ದೇನ?" ಎಂದು ಕೇಳಿದಳು.

ಇಲ್ಲ, ಕಣ್ಣು ಮುಚ್ಚಿದ್ದೆ ಎನ್ನಬಹುದಿತ್ತು. ಹಾಗೆಂದರೆ ಗಡಿಬಿಡಿ ನಿಂತು, ಅಕ್ಕನ ಬಲಗಿವಿಗೆ ಅರಳೆ ಯಾಕಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು, ಗೊಂಬೆಯ ತಲೆದಿಂಬು ಹೊರಬೀಳುತ್ತಿತ್ತು. ನನಗೆ ಹಾವಿಗಿಂತ ಅಜ್ಜಿಯ ಭಯ ಹೆಚ್ಚಾಯಿತು. "ನೋಡ್ದೆ. ಬಾಲ ಸುದ್ದಾ ಒಳಗ ಹೋಗಿದ್ದು ನೋಡ್ದೆ," ಎಂದೆ. ಬಾಲವನ್ನು ಯಾಕೆ ಸೇರಿಸಿದೆನೋ! ಆ ಬಾಲ ಸೇರದಿದ್ದರೆ ಅಜ್ಜಿ ಇನ್ನೊಂದು ಮಾತು ಕೇಳುತ್ತಿದ್ದಳೇನೋ ಎಂದು ಈಗಲೂ ಅನಿಸುತ್ತದೆ.

ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿದರು. ಆರಿಸಲು ಯಾರಿಗೂ ವ್ಯವಧಾನವಿರಲಿಲ್ಲ. ಅವ್ವ ಕಾಲು ಹಿಡಿದಳು, ಅಜ್ಜಿ ತಲೆ ಹಿಡಿದು ಸೌಟು ಬಗ್ಗಿಸಿದಳು. ಅಕ್ಕ ಕೂಗಿದ್ದನ್ನು ಬರೆಯುವುದು ನನ್ನಿಂದಾಗದು.

ಹಾವು ಹೊರಗೆ ಬರಲಿಲ್ಲ. ಇದ್ದರಲ್ಲವೇ ಬರುವುದು? ಕಿವಿ ಬಾತು, ಕೀವಾಗಿ, ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆದು, ಕೊನೆಗೆ ಬಲಗಿವಿ ಪೂರ್ತಿ ಕಿವುಡಾಯಿತು. "ಕಿವಿ ಹೋಯ್ತು, ಜೀವ ಉಳೀತು," ಎಂದು ಅಜ್ಜಿ ಓಣಿಯವರಿಗೆಲ್ಲ ಹೇಳಿದಳು. ಸರಿಯಾದ ಹೊತ್ತಿಗೆ ನೋಡಿ ಕೂಗಿದ ಜಾಣ ಹುಡುಗಿ ಎಂದು ಓಣಿಯ ಹೆಂಗಸರು ನನ್ನ ಕೈಗೆ ಬೆಲ್ಲ, ಶೇಂಗಾ ಕೊಟ್ಟರು. ನಾನು ತಿಂದೆ. ತಿಂದೆ ಎಂಬುದನ್ನೂ ಬರೆದುಬಿಡುತ್ತೇನೆ.

ಆಮೇಲೆ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಮೊದಲು ಏಟಿನ ಭಯ. ಆಮೇಲೆ ಅಜ್ಜಿಗೆ ವಯಸ್ಸಾಯಿತು, ನಿನ್ನ ಕೈಯಿಂದ ಸುಮ್ಮನೆ ಮೊಮ್ಮಗಳ ಕಿವಿ ಹೋಯಿತು ಎಂದು ಸಾಯುವ ಮುದುಕಿಗೆ ಹೇಗೆ ಹೇಳುವುದು? ಆಮೇಲೆ ಅಕ್ಕನಿಗೆ ಗಂಡು ನೋಡುವ ಗಡಿಬಿಡಿ. ಚಿಮ್ಮನಚೋಡದಿಂದ ಬೀಗರು ಬಂದ ದಿನ ಅವಳ ಎಡಗಡೆಗೇ ಅವರೆಲ್ಲ ಕೂರುವಂತೆ ಕಂಬಳಿ ಹಾಸುವ ಕೆಲಸ ನನ್ನದಾಗಿತ್ತು. ಹಾಸಿದೆ. ಆದರೂ ಗಂಡಿಗೆ ಗೊತ್ತಾಗಿಬಿಟ್ಟಿತ್ತು. ಅಕ್ಕನ ಗಂಡ, ನಮ್ಮ ಮಾವ, ಒಂದು ಮಾತೂ ಆಡದೆ, ಮದುವೆಯ ಮರುದಿನದಿಂದ ಕೊನೆಯವರೆಗೆ ಅಕ್ಕನ ಎಡಗಡೆಗೇ ನಡೆದ. ಅವನಂಥ ಮನುಷ್ಯ ಸಿಕ್ಕ ಮೇಲೆ ಇನ್ನೇನು ಹೇಳುವುದು ಎಂದು ನನ್ನ ಬಾಯಿ ಮತ್ತೆ ಮುಚ್ಚಿತು. ಪ್ರತಿ ವರ್ಷಕ್ಕೂ ಅದರದೇ ಒಂದು ಕಾರಣ ಸಿಗುತ್ತಿತ್ತು.

ಮದುವೆಗೆ ಅಪ್ಪ ಒಂದು ಲಾರಿ ಪರಸಿ ಕಳಿಸಿದ, ಈ ಸಲ ಛಲೋ ಕಲ್ಲು. ಚಿಮ್ಮನಚೋಡದ ಮನೆಯ ಪಡಸಾಲೆಗೆ ಅದನ್ನೇ ಹಾಸಿದರು. ಅಕ್ಕ ಮಾತ್ರ ಆ ನೆಲದ ಮೇಲೆ ಒಂದು ದಿನವೂ ಮಲಗಲಿಲ್ಲ. ಯಾವಾಗಲೂ ಮಂಚ, ಯಾವಾಗಲೂ ಎಡಗಿವಿ ದಿಂಬಿನ ಮೇಲೆ, ಕಿವುಡು ಕಿವಿ ಮೇಲೆ. ಹಾಗೆ ಮಲಗಿದರೆ ಬಾಗಿಲು ಬಡಿದರೂ ಅವಳಿಗೆ ಕೇಳುತ್ತಿರಲಿಲ್ಲ. ಮನೆಗೆಲಸದ ಗದ್ದಲದಿಂದ ಒಂದಿಷ್ಟು ಬಿಡುಗಡೆ ಬೇಕೆಂದು ಹಾಗೆ ಮಲಗುತ್ತಾಳೆ ಎಂದೇ ನಾನು ತಿಳಿದಿದ್ದೆ.

ಹೋದ ಬೇಸಿಗೆ ರಜೆಗೆ ಚಿಮ್ಮನಚೋಡಕ್ಕೆ ಹೋಗಿದ್ದೆ. ಅಕ್ಕನ ಮಗ, ಸೊಸೆ ಸೇಡಂಗೆ ಒಂದು ಮದುವೆಗೆ ಹೋಗಿದ್ದರು. ಮನೆಯಲ್ಲಿ ಅಕ್ಕ, ಅವಳ ಐದು ವರ್ಷದ ಮೊಮ್ಮಗಳು ಗೌರಿ, ನಾನು, ಮತ್ತು ಅಡುಗೆಗೆ ಬರುವ ಚಂದಮ್ಮ. ಚಂದಮ್ಮನ ತವರು ಕಾಗಿಣಾ ನದಿಯ ದಂಡೆ. ಚಿಕ್ಕವಳಿದ್ದಾಗ ಬಲೆಗೆ ಬಿದ್ದ ನೀರುಹಾವುಗಳನ್ನು ಬರಿಗೈಯಿಂದ ಬಿಡಿಸಿ ಒಗೆಯುತ್ತಿದ್ದವಳು. ಅಂಥವಳೂ ಹುಳಹಾವೆಂದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ. "ಅದೊಂದ ಬಿಟ್ಟು ಬ್ಯಾರೆ ಏನರ ಹಿಡಿ ಅನ್ರಿ ಟೀಚರ್," ಎನ್ನುತ್ತಾಳೆ.

ಊಟವಾಗಿತ್ತು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಚಂದಮ್ಮ ಪಡಸಾಲೆಗೆ ಎರಡು ಕೊಡ ನೀರು ಸುರುವಿ ಬಳಿದಳು. ಗೌರಿ ಒಂದು ಸಣ್ಣ ಕೌದಿ ಹಾಸಿಕೊಂಡು, ಪುಟ್ಟ ದಿಂಬಿಟ್ಟುಕೊಂಡು ನಿದ್ದೆ ಹೋದಳು. ಅಕ್ಕ ಪಡಸಾಲೆಯ ಆ ತುದಿಯ ಮಂಚದ ಮೇಲೆ, ಎಂದಿನಂತೆ ಎಡಗಿವಿ ಕೆಳಗೆ ಮಾಡಿ ಮಲಗಿದ್ದಳು. ನಾನು ಕಂಬಕ್ಕೆ ಒರಗಿ, ಕಿವಿಗೆ ಅರಳೆ ಇಟ್ಟುಕೊಂಡು, ಪೇಪರು ಓದುತ್ತಿದ್ದೆ.

ಗೋಡೆಯ ಬುಡದ ಗಚ್ಚು ಕಿತ್ತ ಒಂದು ಸಂದಿನಿಂದ ಕಪ್ಪಗೆ ಹೊಳೆಯುತ್ತ ಅದು ಬಂತು.

ಅದೇ ಹೊಳಪು, ಅದೇ ಸದ್ದಿಲ್ಲದ ಹರಿದಾಟ. ಗೌರಿಯ ತಲೆಯ ಕಡೆಗೇ ಹೊರಟಿತು. ಮಗುವಿನ ಜಡೆಯ ರಿಬ್ಬನ್ನು ಕಲ್ಲಿನ ಮೇಲೆ ಚಾಚಿಕೊಂಡಿತ್ತು, ಅದರ ಪಕ್ಕದಲ್ಲೇ ಹೋಯಿತು. ಗೆದ್ದಲಿನ ಮೊಟ್ಟೆ, ವಿಷವಿಲ್ಲದ ಮುಳ್ಳು, ಒಂದಂಗುಲಕ್ಕೆ ಮುಗಿಯುವ ದಾರಿ, ಮೂವತ್ತು ವರ್ಷ ಹೇಳಿದ ಪಾಠ ಒಂದೂ ನೆರವಿಗೆ ಬರಲಿಲ್ಲ. ಹೇಳಲು ನಾಚಿಕೆ, ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಮತ್ತೆ ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಹಾವಿರಲಿಲ್ಲ.

ನನ್ನ ಗಂಟಲಿನಿಂದ ಏನೋ ಸದ್ದು ಹೊರಟಿರಬೇಕು. ಚಂದಮ್ಮ ಅಡುಗೆಮನೆಯಿಂದ ಓಡಿಬಂದಳು. "ಏನಾಯ್ತ್ರಿ ಟೀಚರ್? ಯಾಕ ಹಿಂಗ ಕುಂತೀರಿ?"

"ಹುಳಹಾವು. ಗೌರಿ ತಲಿ ಹತ್ರ ಇತ್ತು. ಈಗ ಇಲ್ಲ."

"ಇಲ್ಲಂದ್ರ ಎಲ್ಲಿ ಹೋಗ್ತದ್ರಿ? ಕೂಸಿನ ಕಿವ್ಯಾಗೇ ಹೋಗ್ಯಾದ! ಅಯ್ಯ ನಮ್ಮಪ್ಪಾ!" ಚಂದಮ್ಮ ಅಕ್ಕನನ್ನು ಅಲುಗಿಸಿ ಎಬ್ಬಿಸಿ, ಎರಡು ಮಾತಿನಲ್ಲಿ ಹೇಳಿ, ಒಳಗೆ ಓಡಿದಳು. ಗ್ಯಾಸು ಹೊತ್ತಿದ ಸಪ್ಪಳ ಬಂತು. ಸ್ವಲ್ಪ ಹೊತ್ತಿಗೆ ಬೆಳ್ಳುಳ್ಳಿ ಕಾಯುವ ವಾಸನೆ ಪಡಸಾಲೆಗೆ ಬಂತು. ಐವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಹಾಕುವುದಿಲ್ಲ.

ಅಕ್ಕ ಗೌರಿಯನ್ನು ಎತ್ತಿ ಮಂಚದ ಮೇಲೆ ತೊಡೆಯಲ್ಲಿ ಹಾಕಿಕೊಂಡಳು. ಮಗು ನಿದ್ದೆಗಣ್ಣಲ್ಲಿ ಅಳತೊಡಗಿತು. ಅಕ್ಕ ನನ್ನ ಮುಖ ನೋಡಿ, "ನೀ ಕಣ್ಣಲೆ ನೋಡ್ದೇನ?" ಎಂದು ಕೇಳಿದಳು.

ಅಜ್ಜಿ ಕೇಳಿದ್ದೂ ಇದೇ ಮಾತು, ಒಂದಕ್ಷರ ಬೇರೆಯಿಲ್ಲ.

"ಇಲ್ಲಕ್ಕ. ಒಳಗ ಹೋಗಿದ್ದು ನೋಡಿಲ್ಲ. ಎಣ್ಣಿ ಹಾಕಬ್ಯಾಡ್ರಿ."

"ನೋಡಿಲ್ಲಂದ್ರ ಹೋಗಿಲ್ಲಂತ ಹೆಂಗ ಹೇಳ್ತಿ? ಅವತ್ತ ಅಜ್ಜಿ ಎಣ್ಣಿ ಹಾಕಿದ್ದಕ್ಕೇ ನಾ ಇವತ್ತ ಕುಂತೀನಿ. ಕಿವಿ ಹೋದ್ರ ಹೋಗ್ಲಿ, ಕೂಸು ಉಳೀಲಿ." ಹೀಗೆ ಹೇಳಿ, ಒಳಗೆ ಹಾವು ಹರಿದಾಡುವ ಸಪ್ಪಳ ಕೇಳುತ್ತದೋ ಎಂದು ತನ್ನ ಎಡಗಿವಿಯನ್ನು ಮಗುವಿನ ಕಿವಿಗೆ ಒತ್ತಿಕೊಂಡಳು.

ಎಣ್ಣೆ ಸುರಿದವರ ಮೇಲೆ ಅಕ್ಕನಿಗೆ ಸಿಟ್ಟಿರಬಹುದು ಎಂದುಕೊಂಡಿದ್ದೆ. ಸಿಟ್ಟಿರಲಿಲ್ಲ, ಋಣವಿತ್ತು. ನನ್ನ ಸುಳ್ಳನ್ನು ಅವಳು ಐವತ್ತು ವರ್ಷ ನಂಬಿ, ಈಗ ಅದೇ ನಂಬಿಕೆಯಿಂದ ಮೊಮ್ಮಗಳ ತಲೆ ಓರೆ ಮಾಡಿ ಹಿಡಿದಿದ್ದಳು. ಚಂದಮ್ಮ ಹೊಗೆಯಾಡುವ ಸೌಟು ಹಿಡಿದು ಬಾಗಿಲಲ್ಲಿ ಬಂದು ನಿಂತಳು.

"ನಿನ್ನ ಕಿವ್ಯಾಗ ಹೋಗೇ ಇರ್ಲಿಲ್ಲಕ್ಕ!" ಎಂದು ಕೂಗಿದೆ. "ನಾ ನೋಡಿರ್ಲಿಲ್ಲ! ಸುಳ್ಳ ಹೇಳಿದ್ದೆ!"

ಅಕ್ಕ ತಲೆ ಎತ್ತಲಿಲ್ಲ. ನಾನು ನಿಂತದ್ದು ಅವಳ ಬಲಗಡೆಗೆ. ಕೇಳುವ ಕಿವಿ ಮಗುವಿನ ಕಿವಿಗೆ ಅಂಟಿತ್ತು. ಜನ್ಮವಿಡೀ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಗೆ ಬಂದು, ನಾನೇ ಕೆಡಿಸಿದ ಕಿವಿಗೆ ತಾಗಿ ಬಿತ್ತು. ಕೇಳಿದವಳು ಚಂದಮ್ಮ ಒಬ್ಬಳೇ. ಅವಳು ನನ್ನನ್ನೇ ನೋಡುತ್ತ, "ಈಗ ಹಾಕ್ಲೇನ್ರಿ, ಬ್ಯಾಡೇನ್ರಿ?" ಎಂದಳು.

"ನಿಲ್ಲು!" ಎಂದು ನಾನು ನೆಲಕ್ಕೆ ಮಂಡಿಯೂರಿದೆ. ಕೌದಿ ಎಳೆದೆ, ಏನಿಲ್ಲ. ಪುಟ್ಟ ದಿಂಬು ಎತ್ತಿದೆ. ಅದರಡಿಯ ತಂಪಿನಲ್ಲಿ ಅದು ಸುರುಳಿ ಸುತ್ತಿ ಬಿದ್ದಿತ್ತು. ಬೆಳಕು ತಾಗಿದ್ದೇ ತಡ, ಬಿಚ್ಚಿಕೊಂಡು ಸಂದಿನ ಕಡೆಗೆ ಓಡತೊಡಗಿತು. ನಾನು ಕೂಗಿ ಕರೆದು ಅಕ್ಕ ತಲೆ ಎತ್ತುವಷ್ಟರಲ್ಲಿ ಅದು ಸಂದಿಗೆ ಇಳಿದುಬಿಟ್ಟರೆ? ಮತ್ತೆ ಕಂಡವಳು ನಾನೊಬ್ಬಳೇ ಆಗುತ್ತಿದ್ದೆ. ನನ್ನ ಮಾತಿನ ಬೆಲೆ ನನಗೆ ಗೊತ್ತಿತ್ತು. ಸಂದು ಎರಡು ಬೆರಳು ದೂರವಿತ್ತು.

ಹಿಡಿದೆ.

ಹೇಗೆ ಹಿಡಿದೆ ಎಂದು ಕೇಳಬೇಡಿ. ತಣ್ಣಗೆ, ನುಣ್ಣಗೆ, ಬೆರಳ ಸಂದಿನಲ್ಲೆಲ್ಲ ಹೊರಳಾಡಿತು. ಬಾಲದ ಮುಳ್ಳು ಅಂಗೈಗೆ ಚುಚ್ಚಿತು. ಪಾಠದಲ್ಲಿ ಹೇಳಿದಷ್ಟೇ ಮೆಲ್ಲಗೆ ಚುಚ್ಚಿತು. ಅಳುತ್ತ, ಮುಷ್ಟಿಯನ್ನು ಅಕ್ಕನ ಕಣ್ಣ ಮುಂದೆ ಹಿಡಿದೆ. ಬೆರಳ ನಡುವಿನಿಂದ ಅದರ ತಲೆ ಹೊರಗೆ ಬಂತು. "ಇಲ್ಲಿ ಅದ ನೋಡಕ್ಕ! ಇಲ್ಲೇ ಅದ! ಕಿವ್ಯಾಗಿಲ್ಲ!"

ಗೌರಿ ಅಳು ನಿಲ್ಲಿಸಿ, "ಇಷ್ಟೇ ಸಣ್ಣದೇನು?" ಎಂದಳು. ಚಂದಮ್ಮ ಸೌಟನ್ನು ಹಾಗೇ ನೆಲದ ಮೇಲಿಟ್ಟು ಕುಸಿದು ಕೂತಳು. ಅಕ್ಕ ಆ ಹಾವನ್ನೇ ನೋಡಿದಳು, ತುಂಬ ಹೊತ್ತು ನೋಡಿದಳು. ಅವಳು ಹುಳಹಾವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಂತೆ.

ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಅದನ್ನು ಬಿಟ್ಟೆ. ಮೂತಿಯಿಂದ ಮಣ್ಣು ಸರಿಸಿ, ಒಂದು ಕ್ಷಣದಲ್ಲಿ ಇಳಿದುಹೋಯಿತು. ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದು ಒಳಗೆ ಬಂದೆ.

"ಆಗ ಏನೋ ಒದರಿದಿ ನೀನು," ಎಂದಳು ಅಕ್ಕ. "ಏನಂದಿ?"

ಚಂದಮ್ಮ ನನ್ನ ಮುಖ ನೋಡಲಿಲ್ಲ. ಸೌಟು ಎತ್ತಿಕೊಂಡು, ಗೌರಿಯ ಕೈ ಹಿಡಿದು ಒಳಗೆ ಹೋದಳು.

ಏನಿಲ್ಲ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅಭ್ಯಾಸ ಎಷ್ಟು ವರ್ಷದ್ದು! ಮಗು ಉಳಿಯಿತು, ಇನ್ನು ಹೇಳದಿದ್ದರೂ ನಡೆಯುತ್ತಿತ್ತು. ನಾನು ಮಂಚವನ್ನು ಸುತ್ತಿಕೊಂಡು ಹೋಗಿ ಅವಳ ಎಡಗಡೆಗೆ ಕೂತೆ. ಗೊಂಬೆಯ ತಲೆದಿಂಬು, ಮುಚ್ಚಿದ ಕಣ್ಣು, ಸೇರಿಸಿದ ಬಾಲ, ತಿಂದ ಬೆಲ್ಲ, ಎಲ್ಲವನ್ನೂ ಹೇಳಿದೆ.

ಅಕ್ಕ ಗೋಡೆಯ ಬುಡದ ಸಂದನ್ನೇ ನೋಡುತ್ತ, "ಮತ್ತ ಅವತ್ತ ಅದು ಎಲ್ಲಿ ಹೋಯ್ತು?" ಎಂದಳು.

"ಸಂದ್ಯಾಗ ಹೋಗಿರ್ಬೇಕಕ್ಕ. ನಾ ಕಣ್ಣು ಮುಚ್ಚಿದ್ದೆ."

ಅವಳು ಕಿರುಬೆರಳನ್ನು ಬಲಗಿವಿಯೊಳಗೆ ಇಟ್ಟುಕೊಂಡಳು. "ಈ ಕಡಿ ತಲಿ ಒತ್ತಿ ಒಂದಿನಾನೂ ಮಲಗಿಲ್ಲ ನೋಡು ನಾನು," ಎಂದಳು. "ಎಬ್ಬಿಸಿದ್ರ ಏನ್ ಗತಿ ಅಂತ."

ನನಗೆ ಮೊದಲು ತಿಳಿಯಲಿಲ್ಲ.

"ಹೊರಗ ಬಂದಿಲ್ಲಲ್ಲ ಅದು. ಸತ್ತದೋ, ಜೀವಂತ ಅದನೋ, ಯಾರಿಗ್ಗೊತ್ತು? ಡಾಕ್ಟರು ಬ್ಯಾಟ್ರಿ ಹಿಡಿದು ನೋಡಿ ಏನಿಲ್ಲ ಅಂದ. ಇನ್ನೂ ಒಳಗ ಹೋಗಿರ್ಬೇಕು ಅಂದ್ಕೊಂಡೆ. ತಲಿ ನೋವು ಬಂದಾಗೆಲ್ಲ, ಈಗ ಅದು ಒಳಗ ಹೊಳ್ಳಲಾಕತ್ತಾದ ಅಂತ ಅಂಜಿ ಕುಂತೀನಿ. ಮಗ ಹೊಟ್ಟ್ಯಾಗಿದ್ದಾಗ ಒಂಬತ್ತ ತಿಂಗಳು ಭಾಳ ಅಂಜೀನಿ. ನಿಮ್ಮ ಮಾವಗೂ ಹೇಳಿಲ್ಲ."

ನಾನು ಅವಳ ಒಂದು ಕಿವಿ ಕೆಡಿಸಿದೆ ಎಂದುಕೊಂಡಿದ್ದೆ. ಕಿವಿ ದೊಡ್ಡದೇನಲ್ಲ. ಒಂದು ಹಾವು ಬಂದೀತು ಎಂದು ನಾನು ಐವತ್ತು ವರ್ಷ ಅರಳೆ ಇಟ್ಟುಕೊಂಡು ಅಂಜಿದೆ, ಅಕ್ಕ ಅದನ್ನು ತಲೆಯೊಳಗೆ ಇಟ್ಟುಕೊಂಡೇ ಅಡುಗೆ ಮಾಡಿದಳು, ಹಡೆದಳು, ಗಂಡನ ಮಣ್ಣು ಮಾಡಿ ಬಂದಳು. ನನಗೆ ಅಳು ತಡೆಯಲಿಲ್ಲ.

"ಹಂಗಾರ ಒಳಗ ಏನೂ ಇಲ್ಲ?" ಎಂದಳು.

"ಏನೂ ಇಲ್ಲಕ್ಕ."

"ಖರೆ?"

"ಖರೆ. ಬಸವಣ್ಣನ ಆಣಿ."

ಅಕ್ಕ ಬೆರಳು ಹೊರಗೆ ತೆಗೆದು, ನನ್ನ ಕಡೆ ಪೂರ್ತಿ ತಿರುಗಿ ಕೂತಳು.

"ಮೊದಲ ಆ ಕಿವ್ಯಾಗಿನ ಅರಳಿ ತಗಿ," ಎಂದಳು. "ನಾ ಬೈಯೋದು ನಿನಗ ಪೂರಾ ಕೇಳ್ಸಬೇಕು."

ತೆಗೆದೆ. ಅಕ್ಕ ಬೈಯಲು ಶುರು ಮಾಡಿದಳು, ಹೊತ್ತು ಮುಳುಗುವವರೆಗೆ ಬೈದಳು. ನಾನು ಎರಡೂ ಕಿವಿಯಿಂದ ಕೇಳಿದೆ.